ಬಲಗೈಯಲ್ಲೇ ಹಾಕಬೇಕಿದ್ದ ಸ್ಕ್ರೂ

ರೆಕ್ಕೆ ಹಿಡಿದುಕೊಂಡು ಕೂರುವುದೂ ಒಂದು ಕೆಲಸವೇ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಿಡಿದು ನೋಡಬೇಕು. ನನ್ನ ಗಂಡನ ರಿಮೋಟ್ ವಿಮಾನದ ರೆಕ್ಕೆ ಮೊರಕ್ಕಿಂತ ಹಗುರ, ಒಪ್ಪಿದೆ. ಆದರೆ ಅದನ್ನು ಮೇಲಕ್ಕೆತ್ತದೆ, ಕೆಳಕ್ಕಿಳಿಸದೆ, ಕೂದಲಷ್ಟೂ ಅಲುಗಿಸದೆ, ಅವರು ಸ್ಕ್ರೂ ಹಾಕಿ ಮುಗಿಸುವ ತನಕ ಹಿಡಿದಿರುವುದಿದೆಯಲ್ಲ, ಅದಕ್ಕಿಂತ ಜೋಳದ ಚೀಲ ಹೊರುವುದು ವಾಸಿ. ಚೀಲವನ್ನಾದರೂ ನಡುವೆ ಇಳಿಸಬಹುದು.

ಶಿಕಾರಿಪುರದಲ್ಲಿ ನಮ್ಮದು ಮೆಕ್ಕೆಜೋಳದ ವ್ಯಾಪಾರ. ಅದರ ನಡುವೆ ಇವರಿಗೆ ವಿಮಾನದ ಹುಚ್ಚು ಹೇಗೆ ಹತ್ತಿತೋ ಗೊತ್ತಿಲ್ಲ. ಬೇರೆಯವರ ಗಂಡಂದಿರು ಇಸ್ಪೀಟು ಆಡುತ್ತಾರೆ, ಇವರು ಇದನ್ನು ಆಡುತ್ತಾರೆ ಎಂದು ನಾನು ಸುಮ್ಮನಾಗಿದ್ದೆ. ಭಾನುವಾರ ಅಂಜನಾಪುರದ ಕಡೆ ಕೊಯ್ದು ಖಾಲಿಯಾದ ಗದ್ದೆಗೆ ಹೋಗಿ ಹಾರಿಸಿಕೊಂಡು, ಬಿಸಿಲಿಗೆ ಮುಖ ಕಪ್ಪು ಮಾಡಿಕೊಂಡು, ಖುಷಿಯಲ್ಲಿ ಮನೆಗೆ ಬರುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಚ್ಚಲಲ್ಲೇ ಕುಸಿದು ಕೂತರು. ಲಕ್ವ ಹೊಡೆದಿತ್ತು. ಮಾತು ತಿರುಗಿ ಬಂತು, ಕಾಲು ಬಂತು. ಬಲಗೈ ಮಾತ್ರ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಎತ್ತಿದರೆ ನಡುಗುತ್ತದೆ, ಹಿಡಿದದ್ದು ಜಾರುತ್ತದೆ.

ವ್ಯಾಯಾಮ ಹೇಳಿಕೊಡಲು ಬರುತ್ತಿದ್ದವರು ಬೆರಳಿಗೆ ಸಣ್ಣಪುಟ್ಟ ಕೆಲಸ ಕೊಡಿ ಎಂದರು. ಬೇರೆಯವರಾದರೆ ಅವರೆಕಾಳು ಬಿಡಿಸುತ್ತಿದ್ದರು, ನನಗೂ ಅನುಕೂಲವಾಗುತ್ತಿತ್ತು. ಇವರು ಅಟ್ಟದಿಂದ ವಿಮಾನ ಇಳಿಸಲು ಹೇಳಿದರು.

ಆ ವಿಮಾನಕ್ಕೆ ರೆಕ್ಕೆ ಮೇಲ್ಗಡೆ. ಹೊಟ್ಟೆಯ ಎರಡೂ ಬದಿಯಿಂದ ರೆಕ್ಕೆಯ ನಡುಭಾಗಕ್ಕೆ ಓರೆಯಾಗಿ ಒಂದೊಂದು ತೆಳು ಕೊಳವೆ ಹೋಗುತ್ತದೆ. ಅವರು ಅದಕ್ಕೆ ಸ್ಟ್ರಟ್ ಎನ್ನುತ್ತಾರೆ. ನಾನು ಬಾಳೆಗೊನೆಗೆ ಕೋಲು ಕೊಡುವುದನ್ನು ನೋಡಿ ಬೆಳೆದವಳು, ಆಸರೆ ಕಡ್ಡಿ ಎಂದೇ ಕರೆಯುತ್ತೇನೆ. ಅದಿಲ್ಲದೆ ಹಾರಿಸಿದರೆ ತಿರುಗುವಾಗ ರೆಕ್ಕೆ ಮುರಿಯುತ್ತದಂತೆ. ಕಡ್ಡಿಯ ಎರಡೂ ತುದಿಗೆ ಸ್ಕ್ರೂ ಬೀಳಬೇಕು, ತೂತಿಗೆ ತೂತು ಸರಿಯಾಗಿ ಕೂರಬೇಕು. ಬಲವಂತ ಮಾಡಿ ಕೂರಿಸಿದರೆ ರೆಕ್ಕೆ ತಿರುಚಿಕೊಂಡು ವಿಮಾನ ಒಂದೇ ಕಡೆಗೆ ಎಳೆಯುತ್ತದೆ. ಅದಕ್ಕೇ ರೆಕ್ಕೆ ಹಿಡಿಯಲು ಒಬ್ಬರು ಬೇಕು. ಆ ಒಬ್ಬರು ನಾನು.

"ಈ ಕೈಲೇ ಎಲ್ಲ ಸ್ಕ್ರೂ ಹಾಕ್ತೀನಿ ನೋಡು. ಹಾಕಿದ ದಿನ ಹಾರಸ್ತೀನಿ. ಅಲ್ಲೀತನಕ ಹಾರ್ಸಂಗಿಲ್ಲ," ಎಂದರು.

ಎಡಗೈ ಗಟ್ಟಿಯಾಗಿಯೇ ಇತ್ತು. ಅದರಲ್ಲಿ ಹಾಕಿದ್ದರೆ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಯುತ್ತಿತ್ತು. ಆದರೆ ನಮ್ಮ ಮನೆಗಳಲ್ಲಿ ಎಡಗೈಗೆ ಮರ್ಯಾದೆ ಇಲ್ಲ. ಅದರಲ್ಲಿ ಯಾರಿಗೂ ಏನೂ ಕೊಡುವಂತಿಲ್ಲ, ತುತ್ತು ಎತ್ತುವಂತಿಲ್ಲ, ಕೆಲಸ ಶುರು ಮಾಡುವಂತಿಲ್ಲ. ಜೋಳ ತಂದ ರೈತನಿಗೆ ಚಹಾದ ಲೋಟ ಕೊಡುವಾಗಲೂ ಇವರು ಆ ನಡುಗುವ ಬಲಗೈಯನ್ನೇ ಚಾಚುತ್ತಿದ್ದರು, ರೈತ ಪಾಪ ಧಾವಿಸಿ ಬಂದು ಲೋಟ ಹಿಡಿದುಕೊಳ್ಳುತ್ತಿದ್ದ. ಎಡಗೈ ಉಪಯೋಗಿಸಿದರೆ ಬಲಗೈ ಸೋಮಾರಿಯಾಗುತ್ತದೆ ಎಂದು ಬೇರೆ ಹೇಳುತ್ತಿದ್ದರು. ಅಷ್ಟೇ ಅಲ್ಲ, ಅವರಿಗೆ ಭಯವಿತ್ತು. ಬಲಗೈ ಬಿಟ್ಟರೆ ಅದು ಹೋದಂತೆಯೇ ಎಂದುಕೊಂಡಿದ್ದರು.

ಹೀಗೆ ದಿನಾ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ವಿಮಾನ ಇಡುವುದು, ನಾನು ರೆಕ್ಕೆ ಹಿಡಿದು ಕೂರುವುದು. "ಅಲುಗಾಡಬ್ಯಾಡ, ತೂತು ತಪ್ತೈತಿ" ಎಂದು ಬೈಸಿಕೊಳ್ಳುವುದು. ಸ್ಕ್ರೂ ಚಾಪೆಯ ಸಂದಿಗೆ ಬೀಳುವುದು, ಹುಡುಕುವುದು, ಮತ್ತೆ ಮೊದಲಿನಿಂದ. ಆಮೇಲೆ ಅಡುಗೆ, ಆಮೇಲೆ ಅಂಗಡಿ. ಅಂಗಡಿಯನ್ನೂ ನಾನೇ ನೋಡಿಕೊಳ್ಳುತ್ತಿದ್ದೆ, ಹಮಾಲರ ಜೊತೆ ಜಗಳವಾಡಿ ಗಂಟಲು ಕೆಟ್ಟಿತ್ತು. ರಾತ್ರಿ ಮಗ್ಗುಲಾದರೆ ತೋಳು ಸೆಳೆಯುತ್ತಿತ್ತು. ಕೆಳಗಿನ ಸ್ಕ್ರೂ ಒಂದು ಮೊದಲ ಸಲ ಪೂರ್ತಿ ಕೂತ ದಿನ ಅವರು ಹೋಳಿಗೆ ಮಾಡು ಎಂದರು. ಮಾಡಿದೆ. ಕಣಕ ನಾದುವಾಗ ಅಳು ಬಂತು, ಸಂತೋಷಕ್ಕಲ್ಲ, ಸುಸ್ತಿಗೆ.

ಕೊನೆಗೆ ಕೆಳಗಿನ ಎರಡೂ ಸ್ಕ್ರೂ ದಿನವೂ ಕೂರತೊಡಗಿದವು. ಮೇಲಿನವು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಆದರೂ ಒಂದು ಭಾನುವಾರ, "ಬಯಲಿಗೆ ಹೋದ್ರೆ ಆಗ್ತೈತಿ, ನಡಿ" ಎಂದರು. ಅಂಜನಾಪುರದ ಕಡೆ ಎರಡನೇ ಬೆಳೆಗೆ ನೀರು ಬಿಟ್ಟಿದ್ದರು, ಗದ್ದೆಯೆಲ್ಲ ಕೆಸರು. ಹಾಗಾಗಿ ಸೊರಬದ ಕಡೆ ನನ್ನ ತವರು ಹೊಸಬಾಳೆಗೆ ಹೊರಟೆವು. ಅಲ್ಲಿ ನನ್ನ ತಮ್ಮನ ಗದ್ದೆ ಕೊಯ್ಲಾಗಿ ಒಣಗಿತ್ತು. ಕಾರು ಓಡಿಸಿದವಳೂ ನಾನೇ. ಅದನ್ನೂ ಆ ವರ್ಷವೇ ಕಲಿತಿದ್ದೆ, ಬೇರೆ ಗತಿಯಿರಲಿಲ್ಲ.

ಗದ್ದೆಯಲ್ಲಿ ಗೋಣಿಚೀಲ ಹಾಸಿ, ಬಿಚ್ಚಿ ತಂದಿದ್ದ ರೆಕ್ಕೆಯನ್ನು ಕೂರಿಸಿದೆವು. ಕೆಳಗಿನ ಸ್ಕ್ರೂಗಳು ಹೇಗೋ ಕೂತವು. ಮೇಲಿನದನ್ನು ತೂತಿಗೆ ಇಡುವಾಗ ಕೈ ಹಾರಿತು, ಸ್ಕ್ರೂ ಭತ್ತದ ಕೂಳೆಯೊಳಗೆ ಹೋಯಿತು. ಇನ್ನೊಂದು ತೆಗೆದರು. ಅದೂ ಹೋಯಿತು. ಬಿಸಿಲೇರಿತು, ಗಾಳಿಯೂ ಎದ್ದಿತು. ರೆಕ್ಕೆ ಗಾಳಿಗೆ ಏಳುತ್ತಿತ್ತು, ನಾನು ಅದುಮಿ ಹಿಡಿದಿದ್ದೆ.

ಬದುವಿನ ಮೇಲೆ ನಿಂತಿದ್ದ ತಮ್ಮ ಇಳಿದು ಬಂದ. "ಕೊಡಿ ಇಲ್ಲಿ ಭಾವ, ನಾ ಹಾಕ್ತೀನಿ. ಅಕ್ಕನ ಮುಖ ನೋಡಿ ಮಾರಾಯ್ರೆ, ಹೆಂಗಾಗಿದೆ."

"ಏ ನೀ ಸುಮ್ನಿರಪ್ಪ. ಆಗ್ತೈತಿ," ಎಂದರು ಇವರು. ನನ್ನ ಮುಖ ನೋಡಲಿಲ್ಲ.

ಮೂರನೆಯದೂ ಬಿತ್ತು. ನಾನು ರೆಕ್ಕೆ ಬಿಟ್ಟುಬಿಟ್ಟೆ.

"ಸಾಕಾಯ್ತು ರೀ ನನಗೆ! ಇನ್ನೆಷ್ಟು ದಿನ ಹಿಂಗೆ ಹಿಡ್ಕೊಂಡು ಕೂರ್ಲಿ? ಆ ಕೈ ಬರಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಎಡಗೈಲಿ ಹಾಕಿ, ಇಲ್ಲ ಅಂದ್ರೆ ಗಾಡಿ ಹತ್ತಿ, ಮನೆಗೆ ಹೋಗಣ."

ಲಕ್ವ ಹೊಡೆದಾಗಿನಿಂದ ಡಾಕ್ಟರಾಗಲಿ ನೆಂಟರಾಗಲಿ ಯಾರೂ ಆಡದಿದ್ದ ಮಾತು ಅದು. ಇವರು ಸ್ಕ್ರೂಡ್ರೈವರನ್ನು ಎಡಗೈಗೆ ತೆಗೆದುಕೊಂಡು, "ಹಿಡಿ" ಎಂದರು. ಹಿಡಿದೆ. ಒಂದು ಬದಿ ಕೂತಿತು, ಸುತ್ತಿ ಬಂದು ಇನ್ನೊಂದು ಬದಿ ಹಿಡಿದೆ, ಅದೂ ಕೂತಿತು. ನನ್ನ ತೋಳು ನೋಯುವಷ್ಟು ಹೊತ್ತೂ ಹಿಡಿಯಲಿಲ್ಲ.

ವಿಮಾನ ಹಾರಿತು. ರಿಮೋಟನ್ನು ಅವರು ಕೊರಳಿಗೆ ನೇತುಹಾಕಿಕೊಂಡಿದ್ದರು. ವೇಗದ ಕಡ್ಡಿ ನನ್ನ ಬೆರಳಲ್ಲಿ, ತಿರುಗಿಸುವ ಕಡ್ಡಿ ಅವರ ಎಡಗೈಯಲ್ಲಿ. "ಏರ್ಸು, ಸಾಕು, ಇಳ್ಸು" ಎನ್ನುತ್ತಿದ್ದರು, ಅವರು ಹೇಳಿದಂತೆ ನಾನು ಮಾಡುತ್ತಿದ್ದೆ. ಗದ್ದೆಯ ಮೇಲೆ ಸುತ್ತು ಹಾಕಿ ಕೂಳೆಯಲ್ಲಿ ಕುಪ್ಪಳಿಸುತ್ತಾ ಇಳಿಯಿತು. ತಮ್ಮ ಚಪ್ಪಾಳೆ ತಟ್ಟಿದ. ಇವರು "ಹಾರ್ತಲ್ಲ, ಸಾಕು ಬಿಡು" ಎಂದರು. ನಾನು ಆಡಿದ್ದು ಸುಳ್ಳಲ್ಲ ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಮಾರನೇ ಬೆಳಿಗ್ಗೆ ಅವರು ನನ್ನನ್ನು ಕರೆಯಲಿಲ್ಲ. ನಡುಮನೆಯಲ್ಲಿ ಚಾಪೆಯೂ ಇರಲಿಲ್ಲ. ಹುಡುಕಿಕೊಂಡು ಹೋದರೆ ದೇವರ ಕೋಣೆಯಲ್ಲಿ ಕೂತಿದ್ದರು. ಬಲಗೈ ಅಷ್ಟು ನಡುಗುತ್ತಿದ್ದಾಗಲೂ, ಪಂಚೆಯೆಲ್ಲ ವಿಭೂತಿಯಾದರೂ, ಅವರು ಲಿಂಗಪೂಜೆಯ ಕ್ರಮ ತಪ್ಪಿಸಿದವರಲ್ಲ. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಪೂಜೆ. ಅವತ್ತು ಲಿಂಗ ಬಲ ಅಂಗೈಯಲ್ಲಿತ್ತು. ಅಲುಗದಿರಲೆಂದು ಆ ಕೈಯನ್ನು ತೊಡೆಗೆ ಒತ್ತಿ ಇಟ್ಟುಕೊಂಡು ಎಡಗೈಯಲ್ಲಿ ವಿಭೂತಿ ಹಚ್ಚುತ್ತಿದ್ದರು. ಕೈ ಸರಾಗವಾಗಿ ಓಡುತ್ತಿತ್ತು, ಒಂದು ಚೂರೂ ಚೆಲ್ಲಲಿಲ್ಲ.

ನಾನು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತೆ. ಮಾಡಲು ಕೆಲಸವಿತ್ತು, ಏಳಲಾಗಲಿಲ್ಲ.