ಇಂಜಿನ್ನಿಗೆ ಎರೆದ ಎಳನೀರು

ಆಗೆಲ್ಲ ಹಾಲ್ಕುರಿಕೆ ಕಡೆ ಊರಿಗೊಂದು ಮೋಟಾರ್ ಸೈಕಲ್ ಇದ್ದರೆ ಅದೇ ಹೆಚ್ಚು. ನಮ್ಮೂರಿನದು ನನ್ನ ಚಿಕ್ಕಪ್ಪನದು. ಅವನು ಜ್ವರದಲ್ಲಿ ತೀರಿಕೊಂಡ ಮೇಲೆ ವರ್ಷವಿಡೀ ಅದು ಕೊಬ್ಬರಿ ಅಟ್ಟದ ಕೆಳಗೆ ನಿಂತಿತ್ತು. ಮೇಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ತಾನಾಗಿ ಲೊಟಕ್ಕೆನ್ನುತ್ತಿತ್ತು. ಅಲ್ಲಿಗೆ ಹೋಗಲು ನನಗೆ ಪ್ರಾಣಭಯ.

ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನೇ ಹಿಡಿದರು. "ಇಂಜಿನ್ ಮೇಲಿನ ಬಿಳಿ ಹುಡಿ ಉಜ್ಜಿ ತೆಗಿ ಕಣಮ್ಮಿ. ಸೋಮವಾರ ತಿಪಟೂರಿನ ಮೆಕ್ಯಾನಿಕ್ ಸಾಬ್ರು ಬಂದು ಗಾಡಿ ತಗೊಂಡೋಗ್ತಾರೆ."

ಪೀಡೆ ತೊಲಗಿದರೆ ಸಾಕೆಂದು ಉಜ್ಜಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ತೆಂಗಿನ ನಾರು, ಸಂದಿಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಸಂಜೆಗೆ ಇಂಜಿನ್ ಬೆಳಗಿದ ಪಾತ್ರೆಯಂತಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಮತ್ತದೇ ಬಿಳಿ ಮಂಕು, ಮುಟ್ಟಿದರೆ ಅಂಟು. ಮತ್ತೆ ಉಜ್ಜಿದೆ, ಮತ್ತೆ ಬಂತು. ಮೂರನೆಯ ದಿನವೂ ಅದೇ. ಚಿಕ್ಕಪ್ಪನಿಗೇ ಗಾಡಿ ಬಿಡಲು ಮನಸ್ಸಿಲ್ಲ ಎಂದು ನಂಬಿಬಿಟ್ಟೆ.

ಅವತ್ತು ಮಧ್ಯಾಹ್ನ ಮರೆತ ಬ್ರಷ್ ತರಲು ಹೋದೆ. ಅಜ್ಜಿ ಎಳನೀರು ಕೊಚ್ಚಿಕೊಂಡು ಗಾಡಿಯ ಮುಂದೆ ನಿಂತಿದ್ದಳು. ಚಿಕ್ಕಪ್ಪ ತಿಪಟೂರಿನಿಂದ ಬಂದಾಗಲೆಲ್ಲ ಬಾಗಿಲಲ್ಲಿ ಹೀಗೇ ನಿಲ್ಲುತ್ತಿದ್ದಳು. ನಿಧಾನವಾಗಿ ಅದನ್ನು ಇಂಜಿನ್ ಮೇಲೆ ಎರೆದಳು.

"ಕುಡಿಯಪ್ಪ, ಬಿಸಿಲಲ್ಲಿ ಬಂದಿದ್ದೀಯ."

"ಅಜ್ಜೀ, ಅಲ್ಲಿ ಯಾರೂ ಇಲ್ವಲ್ಲ!"

"ಮುಟ್ಟಿ ನೋಡೇ. ಇನ್ನೂ ಬಿಸಿ ಐತೆ."

ಮುಟ್ಟಿದೆ. ಬಿಸಿಯಿತ್ತು. ಬಿಸಿಲು ಬೀಳದ ಜಾಗ ಅದು.

"ನಿಮ್ಮಪ್ಪಂಗೆ ಹೇಳ್ಬ್ಯಾಡ ಕಣೇ. ಇದು ಹೊಳೆಯಂಗಾದ್ರೆ ಅವನ್ನ ಕರ್ಕೊಂಡೋಗ್ಬುಡ್ತಾರೆ," ಎಂದು ಅಜ್ಜಿ ನನ್ನ ಕೈ ಹಿಡಿದುಕೊಂಡಳು.

ಹೇಳಿಬಿಟ್ಟೆ. ಹೆದರಿದವಳ ಬಾಯಿ ನಿಲ್ಲಲಿಲ್ಲ. ನಾನು ಕೊನೆಯ ಸಲ ಉಜ್ಜಿದೆ, ಅಪ್ಪ ಅಟ್ಟದ ಕೋಣೆಗೆ ಬೀಗ ಜಡಿದರು. ಆಮೇಲೆ ಹುಡಿ ಬರಲೇ ಇಲ್ಲ.

ಸೋಮವಾರ ಸಾಬರು ಪೆಟ್ರೋಲ್ ಸುರಿದು ಕಿಕ್ ಹೊಡೆದರು. ಒಂದೇ ಏಟಿಗೆ ಗಾಡಿ ಗುಡುಗಿತು. ಅವರೇ ಬೆಚ್ಚಿ, "ವರ್ಷದಿಂದ ನಿಂತಿದ್ದ ಗಾಡೀನಾ ಇದು?" ಅಂದರು. ಸದ್ದು ಕೇಳಿದ ಅಜ್ಜಿ ಹಿತ್ತಲಿಂದ ಎಳನೀರು ಕೊಚ್ಚಿಕೊಂಡು ಓಡೋಡಿ ಬರುವಷ್ಟರಲ್ಲಿ ಗಾಡಿ ಕೆರೆ ಏರಿ ದಾಟಿತ್ತು. ಬಾಗಿಲಲ್ಲಿ ಆ ಎಳನೀರು ಹಿಡಿದುಕೊಂಡೇ ಹೊತ್ತು ಮುಳುಗುವವರೆಗೆ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

ಈಗ ಊರಲ್ಲಿ ಮನೆಗೆರಡು ಗಾಡಿ. ನನ್ನ ಸ್ಕೂಟರ್ ನಿಲ್ಲಿಸಿದಾಗಲೆಲ್ಲ ನಾನು ಇಂಜಿನ್ ಮುಟ್ಟಿ ನೋಡುತ್ತೇನೆ. ಬಿಸಿಯಿರುತ್ತದೆ. ಎಳನೀರು ಹಿಡಿದು ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ.