ಹೆಣ್ಣು ಮುಟ್ಟಬಾರದ ಕಲ್ಲು

ಇಂದು ಬೆಳಿಗ್ಗೆ ಬೆಳಗಾವಿಯ ಮಹಾಂತೇಶ ನಗರದ ನಮ್ಮ ಅಡುಗೆಮನೆಯಲ್ಲಿ ಮರೆತಿಟ್ಟಿದ್ದ ಶೇಂಗಾ ಎಣ್ಣೆಯ ಡಬ್ಬಿ ತೆರೆದೆ ನೋಡಿ, ಆ ಕಮಟು ವಾಸನೆಗೆ ನಮ್ಮೂರಿನ ವೀರಗಲ್ಲು ನೆನಪಾಯಿತು. ಉಳಿದವರು ಮೂಗು ಮುಚ್ಚಿಕೊಳ್ಳಲಿ, ನನಗದು ಎಂ.ಎ. ಓದಿದ ವಾಸನೆ.

ಬೆಳಗಾವಿಯಲ್ಲಿ ಮಧ್ಯಯುಗದ ಇತಿಹಾಸ ಓದುತ್ತೇನೆಂದಾಗ ಊರೆಲ್ಲ ನಕ್ಕಿತ್ತು. "ಸತ್ತ ರಾಜರನ್ನ ಓದಿದ್ರ ಯಾರ ಹೊಟ್ಟಿ ತುಂಬತೈತಿ?" ಎಂದಿದ್ದ ದೊಡ್ಡಪ್ಪ. ನಾನೇನು ಕಡಿಮೆಯೇ? "ಬದುಕಿದ್ದಾಗ ಅವರು ಯಾರ ಹೊಟ್ಟಿ ತುಂಬಿಸ್ಯಾರ, ಹೇಳ" ಅಂದಿದ್ದೆ. ಖಾನಾಪುರದ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಸುಲ್ತಾನರ, ದೇಸಾಯರ ಪಾಠ ಓದುತ್ತ ಎಷ್ಟೋ ಸಲ ಇಳಿಯುವ ಜಾಗವನ್ನೇ ದಾಟಿ ಹೋಗಿದ್ದೇನೆ. ಅಂಥ ಜಾಣೆ ನಾನು.

ಕೊನೆಯ ವರ್ಷದ ಪ್ರಬಂಧಕ್ಕೆ ನಮ್ಮೂರ ಕಲ್ಲನ್ನೇ ಆರಿಸಿಕೊಂಡೆ. ದನಕರು ಉಳಿಸಲು ಹೋಗಿ ಸತ್ತವನೊಬ್ಬನ ಕಲ್ಲು ಅದು. ಅಮಾವಾಸ್ಯೆಗೊಮ್ಮೆ ಗಂಡಸರು ಅದಕ್ಕೆ ಎಣ್ಣೆ ಸುರಿಯುತ್ತಾರೆ. ತಲೆಮಾರುಗಳ ಎಣ್ಣೆ ಕಪ್ಪಗೆ ಗಟ್ಟಿಯಾಗಿ ಕೆತ್ತನೆಯೇ ಕಾಣುತ್ತಿರಲಿಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ಕೆತ್ತನೆಯ ಅಚ್ಚು ತೆಗೆಯಬೇಕೆಂದರೆ ಮೊದಲು ತೊಳೆಯಬೇಕು. ಹೆಣ್ಣು ಮುಟ್ಟುವಂತಿಲ್ಲ. "ತರಗತಿಯ ಗಂಡುಮಕ್ಕಳ ಕಡಿಂದ ಅಚ್ಚು ತಗಸವ್ವಾ, ಇಲ್ಲಾ ವಿಷಯ ಬದಲಿಸು" ಎಂದರು ಮಾರ್ಗದರ್ಶಕರು. ಮೈ ಉರಿಯಿತು. ನನ್ನೂರ ಕಲ್ಲು, ನನ್ನ ಓದು. ಅಚ್ಚು ಮಾತ್ರ ಬೇರೆಯವರ ಕೈಯದೇ?

ಹಾಡಹಗಲೇ ಬಿಸಿನೀರು, ಸೀಗೆಪುಡಿ ಹೊತ್ತು ಹೋದೆ. ತಿಕ್ಕತೊಡಗಿದ್ದೇ ತಡ, ಜನ ನೆರೆಯಿತು.

"ಏಳ ಮ್ಯಾಲ! ದೇವರು ಮುನದರ ಊರಿಗೇ ಕೇಡು!" ದೊಡ್ಡಪ್ಪ ಕೂಗಿದ.

"ಮುನದರ ನನ್ನ ಮ್ಯಾಲ ಮುನೀಲಿ" ಎಂದು ಮತ್ತೆ ತಿಕ್ಕಿದೆ.

ಎಣ್ಣೆಯ ಹಕ್ಕಳೆ ಕಳಚಿತು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅದರ ಮೇಲೆ, ಸತ್ತ ವೀರನನ್ನು ಸ್ವರ್ಗಕ್ಕೆ ಒಯ್ಯುವ ಇಬ್ಬರು ಅಪ್ಸರೆಯರು, ಒಬ್ಬೊಬ್ಬಳು ಒಂದೊಂದು ತೋಳು ಹಿಡಿದು.

"ನೋಡ ದೊಡ್ಡಪ್ಪ, ಆ ಬಾಜು ಹೆಣ್ಣು, ಈ ಬಾಜು ಹೆಣ್ಣು. ಇವರು ಮುಟ್ಟದಿದ್ರ ಇಂವ ಮ್ಯಾಲ ಹೆಂಗ ಹೋಗತಿದ್ದ?"

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ದೊಡ್ಡಪ್ಪ ನಗಲಿಲ್ಲ. ಅಂದು ಮಾತು ಬಿಟ್ಟವನು ಇಂದಿಗೂ ಆಡಿಲ್ಲ. ನಾನು ಅಚ್ಚು ತೆಗೆದೆ, ಪ್ರಬಂಧ ಬರೆದೆ, ಈಗ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ.

ಅವನ ಮೌನ ನೋಯಿಸುತ್ತದೆ, ಖರೇ. ಆದರೆ ತಪ್ಪಾಯ್ತು ಅನ್ನಲಾರೆ. ಕಲ್ಲಿಗೆ ಮತ್ತೆ ಎಣ್ಣೆ ಮೆತ್ತಿದೆಯಂತೆ, ಹೆಣ್ಣು ಮುಟ್ಟಬಾರದೆಂಬ ಕಟ್ಟಳೆಯೂ ಹಾಗೇ ಉಳಿದಿದೆಯಂತೆ. ಇಷ್ಟು ವರ್ಷ ಯಾಕೆ ಬೇಕು ಜಗಳ ಎಂದು ಸುಮ್ಮನಿದ್ದೆ. ಇಂದು ಈ ಕಮಟು ವಾಸನೆ ಸುಮ್ಮನಿರಗೊಡಲಿಲ್ಲ. ನನ್ನ ತರಗತಿಯ ಹುಡುಗಿಯರಿಗೆ ಫೋನ್ ಹಚ್ಚಿದೆ: "ನಾಳೆ ನಮ್ಮೂರಿಗೆ ಹೋಗೂಣು. ಕಲ್ಲು ತೊಳಿಯೂದೈತಿ. ಬೈಗಳಾನೂ ತಿನ್ನೂದೈತಿ, ಹೊಟ್ಟಿ ಖಾಲಿ ಇಟ್ಟುಕೊಂಡ ಬರ್ರಿ."