ಐದನೇ ಮಹಡಿಗೂ ಆರನೇ ಮಹಡಿಗೂ ನಡುವೆ

ನಮ್ಮ ಹಿರಿಯರ ವಸತಿಗೃಹದ ಲಿಫ್ಟ್ ಮೆಕ್ಯಾನಿಕ್‌ಗೆ ನಾವಿಟ್ಟ ಹೆಸರು ಬ್ರೇಕಣ್ಣ. ಪ್ರತಿ ಸೋಮವಾರ ತಾನೇ ಕರೆಂಟ್ ತೆಗೆದು ಬ್ರೇಕ್ ಪರೀಕ್ಷೆ ಮಾಡಿ ಎಲ್ಲರ ಕೈಲೂ ಬೈಸಿಕೊಳ್ಳುತ್ತಿದ್ದ. ಹನ್ನೊಂದು ವರ್ಷದಿಂದ ತಾರಸಿಯ ಮೋಟಾರು ಕೋಣೆಯೇ ಅವನ ಸಂಸಾರ. ಹತ್ತು ಮಾತಾಡಿದರೆ ಒಂದಕ್ಕೆ ಉತ್ತರ. ಮೂವತ್ತು ವರ್ಷ ಮೇಷ್ಟ್ರಾಗಿದ್ದ ನನಗೆ ಇಂಥವರನ್ನು ಕಂಡರೆ ಮೈ ಉರಿಯುತ್ತದೆ.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಲಿಫ್ಟನ್ನು ಹತ್ತಿರದ ಮಹಡಿಗೆ ತಲುಪಿಸಬೇಕಾದ ಬ್ಯಾಟರಿಯೂ ಕೈಕೊಟ್ಟಿತು. ನಾನು ಹೊಸ ಆಕ್ಸಿಜನ್ ಸಿಲಿಂಡರ್ ತೆಗೆದುಕೊಳ್ಳಲು ಕೆಳಗೆ ಬಂದಿದ್ದೆ. ಆಸ್ಪತ್ರೆಗೆ ಹೊರಟಿದ್ದ ನನ್ನವಳು ನನಗಾಗಿ ಕಾಯದೆ ಏಳನೇ ಮಹಡಿಯಲ್ಲಿ ಲಿಫ್ಟ್ ಹತ್ತಿದ್ದಳು. ಈಗ ಐದಕ್ಕೂ ಆರಕ್ಕೂ ನಡುವೆ ಒಬ್ಬಳೇ. ಅವಳ ಕೈಯಲ್ಲಿದ್ದ ಚಿಕ್ಕ ಸಿಲಿಂಡರ್ ಇನ್ನು ಇಪ್ಪತ್ತು ನಿಮಿಷ ಬಂದರೆ ಹೆಚ್ಚು.

ಬ್ರೇಕಣ್ಣ ಮೇಲಿಂದ ಫೋನ್ ಮಾಡಿದ. "ಮೇಷ್ಟ್ರೇ, ಹೊಸ ಸಿಲಿಂಡರ್ ಆರನೇ ಮಹಡಿಗೆ ಕಳಿಸಿ."

"ತಲೆ ಕೆಟ್ಟಿದೆಯೇನೋ? ಅವಳನ್ನ ಕೆಳಗಿಳಿಸು! ಸಿಲಿಂಡರ್ ಇಲ್ಲಿದೆ, ಗಾಡಿ ಇಲ್ಲಿದೆ!"

"ಇಳಿಯಲ್ಲ. ಒಳಗೆ ಭಾರ ಇಲ್ದಿದ್ರೆ ಬ್ರೇಕ್ ಬಿಟ್ಟ ಕೂಡ್ಲೇ ಲಿಫ್ಟ್ ಮೇಲಕ್ಕೇ ಬರುತ್ತೆ. ಹಗ್ಗದ ಆ ಕಡೆ ಇರೋ ಕಬ್ಬಿಣದ್ದೇ ತೂಕ ಹೆಚ್ಚು. ಅಮ್ಮ ಎಷ್ಟು ಕೆ.ಜಿ. ಇದ್ದಾರೆ? ಎಷ್ಟು ಜೋರಾಗಿ ಏರುತ್ತೆ ಅಂತ ಗೊತ್ತಾಗ್ಬೇಕು."

ಅಯೋಗ್ಯ, ಮುಠ್ಠಾಳ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಅದನ್ನೇ ಮತ್ತೆ ಕೇಳಿದ.

"ಮೂವತ್ತೆಂಟು!" ಎಂದು ಕಿರುಚಿದೆ.

ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ವಾರ ವಾರ ತೂಕದ ಯಂತ್ರ ನೋಡಿ ಅವಳಿಗೆ ನಲವತ್ತೈದು ಎಂದು ಸುಳ್ಳು ಹೇಳುತ್ತಿದ್ದವನು ನಾನು. ಈಗ ಲಿಫ್ಟಿನ ಬಾಗಿಲ ಸಂದಿಗೇ ಬಾಯಿಟ್ಟು ಕಿರುಚಿದ್ದೆ; ಮೇಲೆ ಅವಳಿಗೆ ಕೇಳಿಸದೆ ಇರುತ್ತದೆಯೇ?

ನಮ್ಮ ನರ್ಸ್ ಸಿಲಿಂಡರನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿ ಓಡಿದಳು. ಹಿಂದೆಯೇ ಹೊರಟ ನನ್ನ ಮೊಣಕಾಲು ಎರಡೇ ಮೆಟ್ಟಿಲಿಗೆ ಸೋತಿತು. ಮೇಲೆ ಬ್ರೇಕ್ ಬಿಟ್ಟು ಹಿಡಿಯುವ ಸದ್ದು, ಟಕ್, ಟಕ್. ಆಮೇಲೆ ಅದೂ ನಿಂತಿತು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ.

ಕೊನೆಗೆ ಬ್ರೇಕಣ್ಣನೇ ಇಳಿದು ಬಂದ. ಅಂಗಿ ಬೆವರಿಗೆ ಅಂಟಿತ್ತು, ಗ್ರೀಸಿನ ಕೈಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದ. ಇವನಿಗೂ ಹೆದರಿಕೆ ಆಗುತ್ತದೆ ಎಂದು ಹನ್ನೊಂದು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ.

"ಲಿಫ್ಟ್ ಆರಕ್ಕೆ ಬಂತು, ಅಮ್ಮ ಆರಾಮಾಗಿದ್ದಾರೆ. ಸಿಲಿಂಡರ್ ಬದಲಾಯ್ಸಿದ್ದಾಯ್ತು," ಎಂದ. ಮುಖ ಆಚೆ ತಿರುಗಿಸಿ, "ನೀವು ಬೈದಿದ್ದೆಲ್ಲ ಅವ್ರಿಗೆ ಕೇಳಿಸ್ತಂತೆ. ಮೊದ್ಲು ನನ್ನ ಹತ್ರ ಕ್ಷಮೆ ಕೇಳಿ, ಆಮೇಲೆ ಮೇಲೆ ಬರ್ಬೇಕಂತೆ."

"ತೂಕ?"

"ಅದೂ ಕೇಳಿಸ್ತಂತೆ. ಮೊದ್ಲಿಂದ್ಲೂ ಗೊತ್ತಿತ್ತಂತೆ. ನಿಮ್ಮ ಸಮಾಧಾನಕ್ಕೆ ಸುಮ್ನಿದ್ರಂತೆ."

ಕೈ ಮುಗಿದೆ. ಅವನ ಹೆಗಲು ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ.